ಖಾಸೀಂಬಿ ಕಾಯುವ ಸರ್ವರ್

ಅಫಜಲಪುರದ ಆ ಗಲ್ಲಿಯಲ್ಲಿ ಕರೆಂಟು ಹೋದರೆ ಉಳಿದ ಹೆಂಗಸರು ಬೈಯುತ್ತ ಹೊರಗೆ ಬರುತ್ತಾರೆ, ಖಾಸೀಂಬಿ ಒಳಗೆ ಓಡುತ್ತಾಳೆ. ಕೈಯಲ್ಲಿ ಜೋಳದ ಹಿಟ್ಟಿರಲಿ, ಮುಂದೆ ಮಕ್ಕಳು ಪಾಠ ಒಪ್ಪಿಸುತ್ತಿರಲಿ, ಎದ್ದು ನಡುಮನೆ ದಾಟಿ, ಗಾದಿ ಒಟ್ಟುವ ಸಣ್ಣ ಖೋಲಿಯ ಬಾಗಿಲಲ್ಲಿ ನಿಂತು ಕಿವಿಗೊಡುತ್ತಾಳೆ. ಒಳಗಿನಿಂದ ಗುಂಯ್ ಎನ್ನುವ ಸದ್ದು ಬರುತ್ತಿದ್ದರೆ "ಶುಕರ್" ಅಂದು ದೇವರನ್ನು ನೆನೆದು ವಾಪಸಾಗುತ್ತಾಳೆ. ವಯಸ್ಸು ಐವತ್ತಾರು, ಎರಡೂ ಮೊಣಕಾಲು ಸದಾ ತಕರಾರು ಮಾಡುವಂಥವು. ಸಂತೆಗೆ ಹೋಗು ಅಂದರೆ ಆಟೋ ಕೇಳುವ ಹೆಂಗಸು ಆ ಹದಿನೈದು ಹೆಜ್ಜೆ ಹೇಗೆ ಓಡುತ್ತಾಳೋ, ಗಲ್ಲಿಯವರಿಗೆ ಇನ್ನೂ ತಿಳಿದಿಲ್ಲ.

ಆ ಖೋಲಿಯಲ್ಲಿರುವುದು ಒಂದು ಸರ್ವರ್. ಬಂದದ್ದು ಗುಜರಿಯಿಂದ. ಖಾಸೀಂಬಿಯ ಗಂಡ ಚಾಂದಪಾಶಾ ಗುಜರಿ ವ್ಯಾಪಾರಿ. ನಾಲ್ಕು ವರ್ಷದ ಹಿಂದೆ ಕಲಬುರಗಿಯ ಯಾವುದೋ ಕಚೇರಿಯ ಹಳೆ ಸಾಮಾನು ಹರಾಜಿನಲ್ಲಿ ಕಾಲು ಮುರಿದ ಕುರ್ಚಿಗಳ ಜೊತೆ ಒಂದು ಉದ್ದನೆಯ ಕಬ್ಬಿಣದ ಡಬ್ಬಿ ಬಂತು. ಅವನ ಕಣ್ಣಿಗೆ ಅದರಲ್ಲಿ ಕಂಡದ್ದು ತಾಮ್ರ, ಅಲ್ಯುಮಿನಿಯಂ. ಅಂಗಳದಲ್ಲಿ ಇಳಿಸಿ ಸುತ್ತಿಗೆ ಎತ್ತಿಯೂ ಆಗಿತ್ತು. ಆಗಷ್ಟೇ ಕಂಪ್ಯೂಟರ್ ಡಿಪ್ಲೊಮಾ ಮುಗಿಸಿ ಬಂದಿದ್ದ ಮಗಳು ಕೈನಾತ ಒಳಗಿನಿಂದ ಓಡಿ ಬಂದವಳೇ ಡಬ್ಬಿಯ ಮೇಲೆ ಕುಳಿತುಬಿಟ್ಟಳು.

"ಅಬ್ಬಾ, ಒಡೀಬ್ಯಾಡ್ರಿ. ಇದರ ಜೀವ ಇನ್ನೂ ಹೋಗಿಲ್ಲ," ಎಂದಳು ಅಪ್ಪನಿಗೆ.

"ಏಳಬೇ, ಹುಚ್ಚಿ. ಸತ್ತದ್ದಕ್ಕ ಅದನ್ನ ಮಾರ್ಯಾರ ಅವರು," ಎಂದ ಚಾಂದಪಾಶಾ, ಹೆಂಡತಿಯ ಮುಖ ನೋಡಿದ. ಖಾಸೀಂಬಿ ಮಗಳನ್ನು ಒಮ್ಮೆ, ಡಬ್ಬಿಯನ್ನು ಒಮ್ಮೆ ನೋಡಿ, "ಇರ್ಲಿ ಬಿಡ್ರಿ. ಕಬ್ಬಿಣ ಎಲ್ಲಿ ಓಡಿ ಹೋಗ್ತದ? ವಾರದ ಮ್ಯಾಲ ಒಡೀರಿ," ಎಂದಳು. ಆ ವಾರ ಇನ್ನೂ ಮುಗಿದಿಲ್ಲ.

ಮೂರು ದಿನದಲ್ಲಿ ಕೈನಾತ ಅದಕ್ಕೆ ಜೀವ ತಂದಳು. ಆಮೇಲೆ ತಾಯಿಯನ್ನು ಕೂಡಿಸಿಕೊಂಡು ತಿಳಿಸಿ ಹೇಳಿದಳು. ತಾಯಿ ಮಗಳ ಮಾತು ಅರ್ಧ ಉರ್ದು, ಅರ್ಧ ಕನ್ನಡ. ಇಲ್ಲಿ ಕನ್ನಡದ ಪಾಲನ್ನಷ್ಟೇ ಹಿಡಿದು ಹೇಳುವುದು ಸುಲಭ.

"ಅಮ್ಮೀ, ಇದು ನೋಡಾಕ ಒಂದ ಮಷೀನು. ಇದರ ಒಳಗ ನಾ ಎಂಟು ಮಷೀನು ಮಾಡೇನಿ. ವರ್ಚುವಲ್ ಮಷೀನ್ ಅಂತಾರ. ಕೈಯಿಂದ ಮುಟ್ಟಾಕ ಬರಂಗಿಲ್ಲ, ಆದ್ರ ಖರೇ ಮಷೀನಿನಂಗ ಕೆಲಸಾ ಮಾಡ್ತಾವ. ಜೇವರ್ಗಿಯಾಗ ಒಬ್ಬಾಕಿ, ಆಳಂದದಾಗ ಒಬ್ಬಾಕಿ ತಮ್ಮ ಮನ್ಯಾಗ ಕುಂತು ಹಳೇ ಲ್ಯಾಪ್‌ಟಾಪ್ ತಗದ್ರ ಸಾಕು, ಇಲ್ಲಿಂದ ಅವರ ಅವರ ಮಷೀನು ಅವರ ಮುಂದ ಬರ್ತದ."

ಖಾಸೀಂಬಿ ಹಿಟ್ಟು ನಾದುತ್ತಲೇ ಯೋಚಿಸಿದಳು. "ಅಂದ್ರ ಬಾವಿ ನಮ್ಮ ಮನ್ಯಾಗ, ಹಗ್ಗಾ ಅವರ ಕೈಯಾಗ ಅನ್ನು."

ಕೈನಾತಳಿಗೆ ಮೂರು ವರ್ಷ ಪಾಠ ಹೇಳಿದ ಮೇಷ್ಟ್ರುಗಳಲ್ಲಿ ಒಬ್ಬರೂ ಇದನ್ನು ಇಷ್ಟು ಚಿಕ್ಕದಾಗಿ ಹೇಳಿರಲಿಲ್ಲ. ದೊಡ್ಡ ಕಂಪ್ಯೂಟರ್ ಕೊಳ್ಳಲಾಗದ ಮನೆಗಳ ಎಂಟು ಹುಡುಗಿಯರಿಗೆ ಅವಳು ಒಂದೊಂದು ಹಗ್ಗ ಕೊಟ್ಟಳು. ಅವರು ತಮ್ಮೂರಲ್ಲೇ ಕುಳಿತು ಕಲಿಯತೊಡಗಿದರು, ಕೈನಾತ ಫೋನಿನಲ್ಲಿ ಕಲಿಸತೊಡಗಿದಳು.

ಮಗಳಿಗೆ ವಿದ್ಯೆ ಗೊತ್ತು, ಸರಿ. ಆದರೆ ಮಷೀನನ್ನು ಬದುಕಿಸಿಟ್ಟವಳು ಯಾರು? ಬೇಸಿಗೆಯಲ್ಲಿ ನಮ್ಮ ಕಡೆಯ ಬಿಸಿಲು ಕಾಗೆಯನ್ನೇ ಕೆಡವುವಂಥದ್ದು. ಆ ಖೋಲಿಯ ಕಿಟಕಿಗೆ ದಿನಕ್ಕೆ ಆರು ಸಲ ಗೋಣಿತಟ್ಟು ತೋಯಿಸಿ ಕಟ್ಟಿದವಳು ಖಾಸೀಂಬಿ. ಇನ್‌ವರ್ಟರಿನ ಬ್ಯಾಟರಿಗೆ ತಿಂಗಳಿಗೊಮ್ಮೆ ನೀರು ನೋಡಿ ಹಾಕಿದವಳು ಖಾಸೀಂಬಿ. ಜುಮ್ಮೇರಾತ, ಅಂದರೆ ಗುರುವಾರ, ಸಂಜೆ ಮನೆಯ ಮೂಲೆಮೂಲೆಗೂ ಲೋಬಾನದ ಹೊಗೆ ತೋರಿಸುವುದು ಅವಳ ತಾಯಿಯ ಕಾಲದ ಪದ್ಧತಿ. ಆ ಖೋಲಿಯ ಬಾಗಿಲನ್ನು ಮಾತ್ರ ಆಗ ಗಟ್ಟಿಯಾಗಿ ಮುಚ್ಚುತ್ತಾಳೆ. "ಹೊಗಿ ಅದರ ಎದಿಗೆ ಆಗಿಬರಂಗಿಲ್ಲ," ಅನ್ನುತ್ತಾಳೆ, ದಮ್ಮಿನ ರೋಗಿಯ ಬಗ್ಗೆ ಹೇಳುವಂತೆ. ಚಳಿಗಾಲದಲ್ಲಿ ಅದರ ಬೆನ್ನ ಹಿಂದಿನ ಬಿಸಿಗಾಳಿಗೆ ಮೊಸರಿನ ಪಾತ್ರೆ ಇಟ್ಟದ್ದೂ ಉಂಟು. ಮಗಳು ಬೇಡವೆಂದಳು. ಮೊಸರು ಚಾಕುವಿನಿಂದ ಕೊಯ್ಯುವಷ್ಟು ಗಟ್ಟಿಯಾಗಿ ಬಂತು. ಮಗಳು ಎರಡು ಸಲ ಹಾಕಿಸಿಕೊಂಡಳು.

ಓದಿನ ವಿಷಯಕ್ಕೆ ಬಂದರೆ, ಖಾಸೀಂಬಿ ಶಾಲೆಯ ಮೆಟ್ಟಿಲು ಹತ್ತಿದವಳಲ್ಲ. ಆದರೆ ಅವಳನ್ನು ಓದು ಬಾರದವಳು ಎಂದವರು ಅವಳ ಅಂಗಳಕ್ಕೆ ಬೆಳಗಿನ ಹೊತ್ತು ಬಂದು ನೋಡಬೇಕು. ಗಲ್ಲಿಯ ಮಕ್ಕಳಿಗೆ ಅವಳು ಅರಬ್ಬಿ ಅಕ್ಷರ ಕಲಿಸುತ್ತಾಳೆ. ಮೂವತ್ತು ವರ್ಷವಾಯಿತು. ಮೊದಲು ಬಿಡಿ ಅಕ್ಷರಗಳ ಕಾಯ್ದಾ ಪುಸ್ತಕ, ಅದು ಮುಗಿದ ಮೇಲೆ ಕುರಾನಿನ ಪಾಠ. ಆ ಭಾಷೆಯ ಅರ್ಥ ಅವಳಿಗೂ ಗೊತ್ತಿಲ್ಲ, ಹಾಗಂತ ಬಾಯಿಬಿಟ್ಟು ಹೇಳುತ್ತಾಳೆ. "ಅರ್ಥ ಮೌಲಾನಾರು ಹೇಳ್ತಾರ. ಅಕ್ಷರಾ ತಪ್ಪದಂಗ ನೋಡೋದು ನಂದು." ಒಂದು ಚುಕ್ಕೆ ತಪ್ಪಿದರೆ ಹಿಂದಕ್ಕೆ ಹೋಗಬೇಕು. ಎಲ್ಲಿ ಉಸಿರು ನಿಲ್ಲಿಸಬೇಕೋ ಅಲ್ಲಿ ನಿಲ್ಲಿಸಬೇಕು. ಬಲಗಡೆಯಿಂದ ಎಡಕ್ಕೆ ಬೆರಳು ಸರಿಯುತ್ತ ಹೋಗಬೇಕು, ಜಿಗಿಯಬಾರದು. ಇಂಗ್ಲಿಷಿನ ಅಕ್ಷರಗಳೂ ಅವಳಿಗೆ ಗೊತ್ತು, ಕೈನಾತ ಒಂದನೇ ಇಯತ್ತೆಯಲ್ಲಿದ್ದಾಗ ಗೋಡೆಯ ಪಟ ನೋಡಿ ಮಗಳ ಜೊತೆ ತಾನೂ ಕಲಿತದ್ದು. ಒಂದೊಂದನ್ನೇ ಗುರುತು ಹಿಡಿದು ಹೆಸರು ಹೇಳುತ್ತಾಳೆ, ಕೂಡಿಸಿ ಓದಲು ಬಾರದು.

ಇಂಥ ಖಾಸೀಂಬಿ ಒಂದು ಮಾತು ಕೊಟ್ಟು ಸಿಕ್ಕಿಹಾಕಿಕೊಂಡಳು.

ಎಂಟು ಹುಡುಗಿಯರಲ್ಲಿ ಸೀಮಾ ಎಂಬುವಳು ಕೈನಾತಳ ಡಿಪ್ಲೊಮಾ ಗೆಳತಿ. ಮದುವೆಯಾಗಿ ಮಾದನಹಿಪ್ಪರಗಾಕ್ಕೆ ಹೋಗಿದ್ದಳು. ದೂರದ ಒಂದು ಕಂಪನಿ, ಆಸ್ಪತ್ರೆಗಳ ಹಳೆ ದಾಖಲೆಗಳನ್ನು ಮನೆಯಲ್ಲೇ ಕುಳಿತು ಕಂಪ್ಯೂಟರಿನಲ್ಲಿ ಹೊಂದಿಸಿ ಕೊಡುವ ಹೆಂಗಸರನ್ನು ಹುಡುಕುತ್ತಿತ್ತು. ಸೀಮಾಳಿಗೆ ಅದರ ಮೇಲೆ ಕಣ್ಣು. ಆದರೆ ಅವಳ ಅತ್ತೆ ಗೌರಾಬಾಯಿಗೆ ಈ ಓದೇ ಸರಿಬರಲಿಲ್ಲ. ಒಂದು ದಿನ ಸೀಮಾ ಫೋನಿನಲ್ಲಿ ಅತ್ತಳು, ಇನ್ನು ಸಾಕು ಮಾಡು ಅನ್ನುತ್ತಿದ್ದಾರೆ ಎಂದಳು. ಮರುದಿನ ಬೆಳಿಗ್ಗೆ ಖಾಸೀಂಬಿ ಬುರ್ಖಾ ಹಾಕಿಕೊಂಡು, ಶೇಂಗಾ ಹೋಳಿಗೆಯ ಡಬ್ಬಿ ಹಿಡಿದು, ಆಳಂದದಲ್ಲಿ ಬಸ್ಸು ಬದಲಿಸಿ ಮಾದನಹಿಪ್ಪರಗಾದಲ್ಲಿ ಇಳಿದಳು.

ಗೌರಾಬಾಯಿ ಕೆಟ್ಟವಳಲ್ಲ. ಮಳೆ ನಂಬಿ ತೊಗರಿ ಬೆಳೆಯುವ ಮನೆಯ ಯಜಮಾನಿ, ಕಣ್ಣಿಗೆ ಕಂಡದ್ದನ್ನಷ್ಟೇ ನಂಬುವವಳು. ಚಹಾ ಕೊಟ್ಟು, ಎದುರಿಗೆ ಕುಳಿತು ನೇರವಾಗಿಯೇ ಕೇಳಿದಳು.

"ಹೊಲದಾಗ ಕಸಾ ತಗದ್ರ ತಗದದ್ದು ಕಾಣ್ತದ್ರಿ. ಇಕಿ ಬಾಗಲಾ ಮುಚ್ಚಿ ಕುಂತು ಏನ್ ಮಾಡ್ತಾಳ, ನನಗೇನ್ ಕಾಣ್ತದ? ಕೇಳಿದ್ರ ಮಷೀನು ಅಫಜಲಪುರದಾಗ ಅದ ಅಂತಾಳ. ಅಫಜಲಪುರದಾಗಿನ ಮಷೀನು ಹಿಪ್ಪರಗಾದಾಗ ಹೆಂಗ ನಡೀತದ್ರಿ?"

"ನಡೀತದ ಅಕ್ಕಾ. ಆ ಮಷೀನು ನಮ್ಮ ಮನ್ಯಾಗ ಅದ. ನಾ ದಿನಾ ನೋಡ್ತೇನಿ. ಸೀಮಾ ಇಲ್ಲಿ ಕೆಲಸಾ ಮಾಡಾಕ ಕುಂತ್ರ ಅಲ್ಲಿ ದೀಪ ಪಿಳಿಪಿಳಿ ಅಂತದ. ಆಕಿ ಕೆಲಸಾ ನನ್ನ ಕಣ್ಣಿಗೆ ಕಂಡದ."

ಗೌರಾಬಾಯಿ ಸೊಸೆಯ ಕಡೆ ತಿರುಗಿ ನೋಡಿದಳು. ಸೊಸೆ ಆಗ ಏಳು ತಿಂಗಳ ಬಸುರಿ. "ಆತ್ರಿ, ನಿಮ್ಮ ಮಾರಿ ನೋಡಿ ಒಂದ ಸಲಾ ಬಿಡ್ತೇನಿ. ಪರೀಕ್ಷಾ ಕೊಡಲಿ. ಪಾಸಾದ್ರ ನೌಕರಿ ಮಾಡಲಿ. ಆದ್ರ ಆ ದಿನಾ ನಿಮ್ಮ ಮಷೀನು ಕೈ ಕೊಡ್ತು ಅಂದ್ರ, ಮತ್ತ ಈ ಮಾತು ನನ್ನ ಮುಂದ ಎತ್ತಬಾರದು. ನೀವೂ ಎತ್ತಬಾರದು, ಆಕೀನೂ ಎತ್ತಬಾರದು."

"ಕೈ ಕೊಡಂಗಿಲ್ಲ. ಮಷೀನು ನನ್ನ ಜವಾಬ್ದಾರಿ," ಎಂದುಬಿಟ್ಟಳು ಖಾಸೀಂಬಿ. ವಾಪಸು ಬರುವ ಬಸ್ಸಿನಲ್ಲಿ ಕೊಟ್ಟ ಮಾತನ್ನೇ ಮತ್ತೆ ಮತ್ತೆ ನೆನೆದಳು. ಆಡಿದ ಮಾತು, ಒಡೆದ ಮುತ್ತು. ಇನ್ನೇನು ಮಾಡಲು ಬರುತ್ತದೆ?

ಕಂಪನಿ ಪರೀಕ್ಷೆಯ ದಿನ ಗೊತ್ತು ಮಾಡಿತು. ಭಾನುವಾರ, ಹನ್ನೊಂದರಿಂದ ಒಂದು ಗಂಟೆ. ಸೀಮಾ ಮಾದನಹಿಪ್ಪರಗಾದಿಂದ ಅಫಜಲಪುರದ ಮಷೀನಿಗೆ ಬರಬೇಕು, ಅದರಲ್ಲಿ ಅವಳು ಮಾಡುವ ಕೆಲಸವನ್ನು ಕಂಪನಿಯವರು ತಮ್ಮೂರಿನಿಂದ ನೋಡುತ್ತಾರೆ. ತಪ್ಪಿದರೆ ಮುಂದಿನ ವರ್ಷವೇ. ಅಷ್ಟರಲ್ಲಿ ಸೀಮಾಳಿಗೆ ಹೆಣ್ಣುಮಗು ಹುಟ್ಟಿತು. ಆ ಭಾನುವಾರಕ್ಕೆ ಕೂಸಿಗೆ ಇಪ್ಪತ್ತೆರಡು ದಿನ. ಬಾಣಂತಿ ಹೊಸಿಲು ದಾಟುವಂತಿಲ್ಲ. ಅವಳು ಮಷೀನಿನ ಹತ್ತಿರ ಬರುವುದು ಆಗದ ಮಾತು, ಮಷೀನೇ ಅವಳ ಹತ್ತಿರ ಹೋಗಬೇಕಿತ್ತು.

ಶನಿವಾರ, ಭಾನುವಾರ ಕೈನಾತ ಜೇವರ್ಗಿಯ ಒಂದು ಕಂಪ್ಯೂಟರ್ ಕ್ಲಾಸಿನಲ್ಲಿ ಕಲಿಸುತ್ತಾಳೆ, ರಾತ್ರಿ ಅಲ್ಲೇ ಚಿಕ್ಕಮ್ಮನ ಮನೆಯಲ್ಲಿ ಉಳಿಯುತ್ತಾಳೆ. ಆ ಭಾನುವಾರ ಬೆಳಿಗ್ಗೆ ಒಂಬತ್ತೂವರೆಗೆ ಖಾಸೀಂಬಿಯ ಗುಂಡಿ ಫೋನು ಬಡಿದುಕೊಂಡಿತು.

"ಅಮ್ಮೀ," ಎಂದಳು ಮಗಳು. "ನಾ ಒಂದು ತಪ್ಪು ಮಾಡೇನಿ."

ಆದದ್ದು ಇಷ್ಟು. ಪರೀಕ್ಷೆಯ ದಿನ ಹೊರಗಿನವರು ಯಾರೂ ನುಗ್ಗಬಾರದೆಂದು ಜೇವರ್ಗಿಯಿಂದಲೇ ಸರ್ವರಿನ ಕಾವಲು ಬಿಗಿ ಮಾಡಲು ಹೋಗಿದ್ದಳು. ಯಾರ್ಯಾರನ್ನು ಒಳಗೆ ಬಿಡಬೇಕು ಎಂಬ ಪಟ್ಟಿ ಬರೆದಳು, ಖಾಯಂ ಮಾಡಿದಳು. ತಾನು ಬರುವ ದಾರಿಯನ್ನೇ ಪಟ್ಟಿಯಲ್ಲಿ ಬರೆಯಲು ಮರೆತಳು. ಅವಳ ಜೊತೆ ಸೀಮಾ ಬರುವ ದಾರಿಯೂ ಮುಚ್ಚಿತು. ಕುಳಿತ ಟೊಂಗೆಯನ್ನೇ ಕಡಿದುಕೊಳ್ಳುವುದು ಅಂದರೆ ಇದೇ. ದಡ್ಡರು ಕಡಿದುಕೊಂಡರೆ ನಗಬಹುದು, ಜಾಣರು ಕಡಿದುಕೊಂಡಾಗ ನಗು ಬರುವುದಿಲ್ಲ.

"ಬಂದ್ ಮಾಡಿ ಮತ್ತ ಚಾಲೂ ಮಾಡ್ಲೇನು?" ಎಂದಳು ಖಾಸೀಂಬಿ.

"ಉಪಯೋಗಿಲ್ಲ. ಪಟ್ಟಿ ಅದರಾಗ ಕುಂತುಬಿಟ್ಟದ. ಮಷೀನಿನ ಮುಂದ ಕುಂತು ತಗೀಬೇಕು. ನಾ ಬಸ್ ಹತ್ತಾಕತ್ತೇನಿ, ಆದ್ರ ಹನ್ನೆರಡರ ಮ್ಯಾಲ ಮುಟ್ಟತೇನಿ. ಅಬ್ಬಾ ಅದಾರೇನು?"

ಚಾಂದಪಾಶಾ ಗಾಣಗಾಪುರದ ಒಂದು ಲಾಡ್ಜಿನ ಹಳೆ ಮಂಚಗಳನ್ನು ತೂಗಿಸಿ ತರಲು ಬೆಳಿಗ್ಗೆಯೇ ಹೋಗಿದ್ದ. ಮನೆಯ ದೊಡ್ಡ ಫೋನೂ ಅವನ ಕಿಸೆಯಲ್ಲೇ ಹೋಗಿತ್ತು. ಅವನು ಇದ್ದಿದ್ದರೂ ಸುತ್ತಿಗೆಯನ್ನೇ ಹುಡುಕುತ್ತಿದ್ದ.

"ಕಂಪ್ಯೂಟರ್ ಅಂಗಡಿ ನದೀಮನ್ನ ಕರೀಲೇನು?"

"ಬ್ಯಾಡ. ಒಳಗ ಹೋಗಾಕ ಕೀಲಿಪದ ಬೇಕು. ಎಂಟು ಹುಡುಗ್ಯಾರ ಕೆಲಸಾ ಅದರಾಗ ಅದ. ಹೊರಗಿನವರ ಕೈಯಾಗ ಹೆಂಗ ಕೊಡಬೇಕು?"

"ನಾ ಹೊರಗಿನಾಕಿ ಅಲ್ಲಲ್ಲ," ಎಂದಳು ಖಾಸೀಂಬಿ. "ಏನ್ ಮಾಡಬೇಕು ಹೇಳು."

ಆ ಕೀಲಿಪದ ಬರೆದ ಚೀಟಿ ಖಾಸೀಂಬಿಯ ಟ್ರಂಕಿನಲ್ಲಿ, ಮದುವೆಯ ಸೀರೆಯ ಮಡಿಕೆಯಲ್ಲಿ ಇತ್ತು. ಮಗಳೇ ಇಡಲು ಕೊಟ್ಟದ್ದು. ಅದನ್ನು ತೆಗೆದಳು. ಸರ್ವರಿಗೆ ಪರದೆ ಇರಲಿಲ್ಲ; ನಡುಮನೆಯ ಟಿವಿಯನ್ನು ಎರಡೂ ಕೈಯಲ್ಲಿ ತಬ್ಬಿ ಹೊತ್ತು ತಂದಳು. ಮೊಣಕಾಲು ತಕರಾರು ಮಾಡಿದವು, ಕೇಳುವವರಿರಲಿಲ್ಲ. ಮಗಳು ಹೇಳಿದ ಕಪ್ಪು ತಂತಿಯನ್ನು ಟಿವಿಗೆ ಒಂದು ಕಡೆ, ಸರ್ವರಿಗೆ ಇನ್ನೊಂದು ಕಡೆ ಸಿಕ್ಕಿಸಿದಳು. ಕೀಬೋರ್ಡಿಗೆ ಹಿತ್ತಲಿನ ಗುಜರಿ ರಾಶಿಯೇ ಗತಿ. ಕೆದಕಿ ಒಂದು ತೆಗೆದು, ಸೆರಗಿನಿಂದ ಒರೆಸಿ, ಚಾಪೆಯ ಮೇಲೆ ಇಟ್ಟುಕೊಂಡು ಕುಳಿತಳು. ಟಿವಿಯಲ್ಲಿ ಕರಿ ಹಲಗೆ, ಬಿಳಿ ಅಕ್ಷರ. ಗಡಿಯಾರದಲ್ಲಿ ಹತ್ತು ಗಂಟೆ ಐದು ನಿಮಿಷ.

ಫೋನಿನ ಆ ಕಡೆ ಬಸ್ಸು ಹೊರಟಿತ್ತು. ಕಂಡಕ್ಟರಿನ ಸೀಟಿ, ಯಾರದೋ ಕೋಳಿ, ಅವುಗಳ ನಡುವೆ ಕೈನಾತಳ ದನಿ.

"ಮೊದಲು ನನ್ನ ಹೆಸರು ಒತ್ತು. ನಾ ಹೇಳ್ತೇನಿ. ಕೆ."

ಖಾಸೀಂಬಿ ಹುಡುಕಿ ಒತ್ತಿದಳು. "ಒತ್ತಿದೆ."

ಎ, ಐ, ಎನ್, ಎ, ಟಿ. ಮಗಳ ಹೆಸರು ಪರದೆಯ ಮೇಲೆ ಮೂಡಿತು. ಆಮೇಲೆ ಚೀಟಿಯಲ್ಲಿದ್ದದ್ದನ್ನು ಒತ್ತಬೇಕು. "ಅದನ್ನ ನಾ ಹೇಳಂಗಿಲ್ಲ ಅಮ್ಮೀ, ಬಸ್ಸಿನ ತುಂಬ ಮಂದಿ ಅದಾರ. ನೀನ ನೋಡಿ ಒತ್ತು."

ಹನ್ನೊಂದು ಅಕ್ಷರ. ಖಾಸೀಂಬಿ ಚೀಟಿಯನ್ನು ಮೊಣಕಾಲ ಮೇಲೆ ಹರಡಿ, ಅಕ್ಷರದ ಕೆಳಗೆ ಬೆರಳಿಟ್ಟು, ಒಂದೊಂದಾಗಿ ಒತ್ತಿದಳು. "ಎಷ್ಟು ಒತ್ತಿದ್ರೂ ಏನೂ ಮೂಡವಲ್ದು."

"ಕಾಣಂಗಿಲ್ಲ. ಯಾರೂ ನೋಡಬಾರದಂತ ಅದು ಮುಚ್ಚಿ ಇಡ್ತದ."

"ಛಲೋ ಆತು. ಪಡದಾದಾಗ ಅದ ಅನ್ನು."

ಆದರೆ ಮಷೀನು ಒಪ್ಪಲಿಲ್ಲ. ಒಂದು ಸಾಲು ಬೈಗುಳ ಬರೆದು ಮತ್ತೆ ಹೆಸರು ಕೇಳಿತು. ಮತ್ತೆ ಕೆ, ಎ, ಐ. ಮತ್ತೆ ಹನ್ನೊಂದು ಅಕ್ಷರ, ಒಂದೂ ಬಿಡದಂತೆ. ಮತ್ತೆ ಬೈಗುಳ. ಮೂರನೆಯ ಸಲವೂ ಅದೇ. ಹತ್ತು ಮೂವತ್ತಾಯಿತು. ಕೈನಾತಳಿಗೆ ಧೈರ್ಯ ಉಡುಗಿತು. ಚೀಟಿ ಹಳೆಯದಿರಬೇಕು, ನಡುವೆ ಎಂದೋ ಪದ ಬದಲಿಸಿ ಮರೆತಿರಬೇಕು ಎಂದಳು. ಹಾಗಾಗಿದ್ದರೆ ಇನ್ನು ಯಾರು ಕುಳಿತರೂ ಬಾಗಿಲು ತೆರೆಯುವುದಿಲ್ಲ ಎಂದು ಬಸ್ಸಿನಲ್ಲೇ ಅಳತೊಡಗಿದಳು. ಪಕ್ಕದ ಹೆಂಗಸೊಬ್ಬಳು "ಏನಾತವ್ವಾ, ಯಾರಿಗೇನಾತು?" ಎಂದು ಕೇಳಿದ್ದು ಖಾಸೀಂಬಿಗೂ ಕೇಳಿಸಿತು.

ಖಾಸೀಂಬಿ ಚೀಟಿಯನ್ನು ಮತ್ತೆ ಬೆಳಕಿಗೆ ಹಿಡಿದಳು. ಗೌರಾಬಾಯಿಯ ಮುಖ ಕಣ್ಣೆದುರು ಬಂತು, ಕೂಸು ಎತ್ತಿಕೊಂಡು ಲ್ಯಾಪ್‌ಟಾಪ್ ಮುಂದೆ ಕಾಯುತ್ತಿರುವ ಸೀಮಾ ಬಂದಳು. ಆದರೂ ಅವಳು ಮೂವತ್ತು ವರ್ಷದಿಂದ ಮಕ್ಕಳ ತಪ್ಪು ಹುಡುಕುತ್ತ ಬಂದವಳು. ಪಾಠ ತಪ್ಪಿದ ಕೂಡಲೇ ಪುಸ್ತಕ ತಪ್ಪು ಅನ್ನುವ ರೂಢಿ ಅವಳಿಗಿಲ್ಲ. ಬೆರಳು ಎಲ್ಲಿ ಜಾರಿತು ಎಂದು ನೋಡುತ್ತಾಳೆ.

"ಅಳಬ್ಯಾಡ, ಸುಮ್ಮಕಿರು," ಎಂದು ಪರದೆಯನ್ನೇ ನೋಡಿದಳು. ಮಗಳ ಹೆಸರು ಮೂರು ಸಲ ಮೂಡಿ ನಿಂತಿತ್ತು. ಮಗಳು ಮೊದಲು ಹೇಳಿದ್ದು ಕೆ. ಆ ಕೆ ಎಡಗಡೆ ಕುಳಿತಿತ್ತು. ಕೊನೆಗೆ ಹೇಳಿದ ಟಿ ಬಲಗಡೆ ತುದಿಗಿತ್ತು. ಖಾಸೀಂಬಿ ಚೀಟಿ ನೋಡಿದಳು. ತನ್ನ ಬೆರಳು ನೋಡಿಕೊಂಡಳು. ಆ ಬೆರಳು ಮೂರು ಸಲವೂ ಹೊರಟದ್ದು ಬಲಗಡೆಯಿಂದ, ಕಾಯ್ದಾ ಪುಸ್ತಕದ ಮೇಲೆ ದಿನಾ ಹೊರಡುವ ಹಾಗೆ.

"ಕೈನಾತ, ಇಂಗ್ಲೀಷ ಎಡಗಡಿಂದ ಶುರು ಆಗ್ತದೇನು?"

ಮಗಳು ಅಳುತ್ತಲೇ ನಕ್ಕಳು. "ಅಮ್ಮೀ! ಹೌದು! ಎಡಗಡಿಂದ!"

"ಮೊದಲ ಹೇಳಬಾರದೇನಬೇ? ನೀ ಇಂಜಿನಿಯರು, ನಾನೇನು?" ಎಂದು ಖಾಸೀಂಬಿ ರೇಗಿದಳು. ಅಕ್ಷರಗಳನ್ನು ಗೋಡೆಯ ಪಟದಲ್ಲಿ ಬಿಡಿಬಿಡಿಯಾಗಿ ಕಲಿತವಳು ಅವು ಸಾಲಾಗಿ ನಡೆಯುವುದನ್ನು ಎಂದೂ ನೋಡಿರಲಿಲ್ಲ. ಮಗಳಿಗೂ ಅದು ಹೊಳೆದಿರಲಿಲ್ಲ. ಈ ಸಲ ಬೆರಳನ್ನು ಎಡತುದಿಗೆ ಇಟ್ಟಳು. ಅದು ತನ್ನಷ್ಟಕ್ಕೆ ಎಡಕ್ಕೆ ಎಳೆಯುತ್ತಿತ್ತು, ಹಟಮಾರಿ ಹೋರಿಯಂತೆ. ಎಳೆದು ಎಳೆದು ತಂದಳು. ಹನ್ನೊಂದನೆಯ ಅಕ್ಷರ ಒತ್ತಿ, ದೊಡ್ಡ ಗುಂಡಿ ಒತ್ತಿದಳು. ಬೈಗುಳ ಬರಲಿಲ್ಲ. ಪರದೆಯ ಮೇಲೆ ಸಾಲು ಸಾಲು ಅಕ್ಷರ ಹರಡಿ, ಕೊನೆಗೆ ಒಂದು ಬಿಳಿ ಗೀಟು ಮಿನುಗುತ್ತ ನಿಂತಿತು.

"ತಗೀತು," ಎಂದಳು. ಕಣ್ಣಲ್ಲಿ ನೀರು ಬಂದದ್ದು ಆಗ.

ಉಳಿದದ್ದು ಕಾವಲು ತೆಗೆಯುವ ಎರಡು ಪದ. ಕೈನಾತ ಹೇಳುತ್ತ ಹೋದಳು. "ಯು, ಎಫ್, ಡಬ್ಲ್ಯೂ. ಈಗ ಜಾಗಾ ಬಿಡು. ಡಿ, ಐ, ಎಸ್, ಎ, ಬಿ, ಎಲ್, ಇ. ಒತ್ತು."

ಮತ್ತೆ ಬೈಗುಳ. ಗಡಿಯಾರ ಹತ್ತು ನಲವತ್ತಮೂರು.

"ಜಾಗಾ ಬಿಟ್ಟಿ ಇಲ್ಲೋ?"

"ಬಿಟ್ಟೆ. ಡಬ್ಲ್ಯೂ ಆದ ಮ್ಯಾಲ ಉಸಿರು ನಿಲ್ಲಿಸಿ, ಮನಸ್ಸಿನಾಗ ಎರಡು ಎಣಸಿ ಮುಂದ ಹೋದೆ."

ಪಾಠದಲ್ಲಿ ನಿಲ್ಲಬೇಕಾದ ಕಡೆ ಹಾಗೆಯೇ ನಿಲ್ಲುತ್ತಾರೆ. ಅವಳ ಶಿಷ್ಯರಲ್ಲಿ ಯಾರ ನಿಲುಗಡೆಯೂ ಅಷ್ಟು ಚೊಕ್ಕ ಇದ್ದಿರಲಾರದು. ಮಷೀನಿಗೆ ಉಸಿರು ಕೇಳಿಸುವುದಿಲ್ಲ ಎಂಬುದೊಂದೇ ತೊಂದರೆ. "ಅಮ್ಮೀ, ಕೆಳಗ ಒಂದು ಉದ್ದನ ಗುಂಡಿ ಅದ, ಮ್ಯಾಲ ಏನೂ ಬರದಿಲ್ಲ. ಅದನ್ನ ಒತ್ತಿದ್ರ ಜಾಗಾ ಬಿಟ್ಟಂಗ."

ಖಾಸೀಂಬಿ ಮೊದಲಿನಿಂದ ಎರಡೂ ಪದ ಒತ್ತಿದಳು, ನಡುವೆ ಆ ಉದ್ದನೆಯ ಗುಂಡಿ. ಒಂದೇ ಒಂದು ಸಾಲು ಬಂದು ನಿಂತಿತು. ಎಡಗಡೆಯಿಂದ ಅಕ್ಷರ ಅಕ್ಷರವಾಗಿ ಓದಿ ಹೇಳಿದಳು. ಅರ್ಧ ಓದುವಷ್ಟರಲ್ಲಿ ಕೈನಾತ ಬಸ್ಸಿನಲ್ಲೇ ಕೂಗಿದಳು, "ಆತು! ಹತ್ತಿತು! ನನ್ನ ಫೋನಿನಾಗ ಮಷೀನು ಕಾಣಾಕತ್ತದ!" ಅಲ್ಲಿ ಯಾರೋ ಚಪ್ಪಾಳೆ ತಟ್ಟಿದರು. ಏನಾಯಿತೆಂದು ತಿಳಿಯದೆಯೂ ಜನ ಸಂತೋಷಪಡುತ್ತಾರೆ, ಒಳ್ಳೆಯದು.

"ಕಾವಲಿನವನ್ನ ಕಳಿಸಿಬಿಟ್ಟಿ. ಇನ್ನ ಬಾಗಲಾ ಯಾರು ಕಾಯ್ತಾರ?" ಎಂದು ಕೇಳಿದಳು ಖಾಸೀಂಬಿ.

"ಹೊರಗಿನ ಬಾಗಲಾ ಬ್ಯಾರೆ ಅದ ಅಮ್ಮೀ, ಅದು ಭದ್ರ ಅದ. ಒಳಗಿಂದು ನಾ ಬಂದು ಸರಿ ಮಾಡ್ತೇನಿ."

"ಆತು. ಅಲ್ಲೀತನಕಾ ನಾ ಇಲ್ಲೇ ಕುಂದರ್ತೇನಿ."

ಹತ್ತು ಐವತ್ತಾರಕ್ಕೆ ಸರ್ವರಿನ ಸಣ್ಣ ಹಸಿರು ದೀಪ ಪಿಳಿಪಿಳಿ ಶುರು ಮಾಡಿತು. ಸೀಮಾ ಬಂದಳು. ಮಾದನಹಿಪ್ಪರಗಾದ ಬಾಣಂತಿಕೋಣೆಯಲ್ಲಿ ಕುಳಿತ ಹುಡುಗಿ ತನ್ನ ಗಾದಿ ಖೋಲಿಯಲ್ಲಿ ಕೆಲಸ ಮಾಡುತ್ತಿದ್ದಾಳೆ ಎಂದು ಖಾಸೀಂಬಿ ತನ್ನ ಚಾಪೆಯನ್ನು ತುಸು ಹಿಂದಕ್ಕೆ ಸರಿಸಿ ಜಾಗ ಮಾಡಿಕೊಟ್ಟಳು. ಹನ್ನೊಂದೂ ಮುಕ್ಕಾಲಿಗೆ ಕರೆಂಟು ಹೋಯಿತು. ಇನ್‌ವರ್ಟರು ಟಕ್ ಅಂದು ಹಿಡಿದುಕೊಂಡಿತು. ಅವಳು ಎದ್ದು ಮನೆಯ ಎಲ್ಲ ದೀಪ, ಎಲ್ಲ ಫ್ಯಾನು ಆರಿಸಿ, ಟಿವಿಯ ತಂತಿಯನ್ನೂ ಕಿತ್ತು, ಬೆವರುತ್ತ ಬಂದು ಕುಳಿತಳು. ಪಕ್ಕದ ಮನೆಯವಳು ಮೊರ ಕೇಳಲು ಬಂದರೆ ಬಾಗಿಲಲ್ಲೇ ಬೆರಳು ತುಟಿಗಿಟ್ಟು ಕಳಿಸಿದಳು.

ಹನ್ನೆರಡು ಇಪ್ಪತ್ತಕ್ಕೆ ಕೈನಾತ ಓಡುತ್ತ ಬಂದಳು. ಧೂಳು ಹಿಡಿದ ಮುಖ, ಅತ್ತು ಕೆಂಪಾದ ಕಣ್ಣು. ನೇರ ಖೋಲಿಗೆ ನುಗ್ಗಿ ಕೀಬೋರ್ಡಿಗೆ ಕೈ ಚಾಚಿದಳು.

ಖಾಸೀಂಬಿ ಆ ಕೈ ಹಿಡಿದಳು. "ಕೈ ಹಚ್ಚಬ್ಯಾಡ. ಸೀಮಾ ಕೆಲಸಾ ಮಾಡಾಕತ್ತಾಳ."

"ಕಾವಲು ಒಂದು ಸರಿ ಮಾಡ್ತೇನಿ ಅಮ್ಮೀ..."

"ಒಂದ ಗಂಟೆ ಆಗಲಿ. ಆಮ್ಯಾಲ ಮಾಡು. ಕುಂದರು ಇಲ್ಲಿ."

ಡಿಪ್ಲೊಮಾ ಪಡೆದ ಮಗಳು ಕಾಯ್ದಾ ಓದುವ ಹುಡುಗಿಯಂತೆ ಚಾಪೆಯ ತುದಿಯಲ್ಲಿ ಕುಳಿತಳು. "ತಪ್ಪು ನಂದ," ಎಂದಳು.

"ಪಾಠ ತಪ್ಪಿದ್ರ ನಾ ಯಾರಿಗೂ ಬಡದಾಕಿ ಅಲ್ಲ. ಮತ್ತೊಮ್ಮಿ ಹೇಳಸ್ತೇನಿ, ಅಷ್ಟ," ಎಂದು ಖಾಸೀಂಬಿ ಮಗಳ ತಲೆಗೂದಲಿನ ಧೂಳು ಒರೆಸಿದಳು.

ಒಂದು ಗಂಟೆ ಹೊಡೆಯಿತು, ದೀಪ ನಿಧಾನವಾಯಿತು. ಐದು ನಿಮಿಷಕ್ಕೆ ಗುಂಡಿ ಫೋನು ಬಡಿದುಕೊಂಡಿತು. ಸೀಮಾ ಇರಬೇಕೆಂದು ಎತ್ತಿದರೆ ಗೌರಾಬಾಯಿ.

"ಬರದ್ಲು ನೋಡ್ರಿ. ನಡುವ ಒಂದ ಸಲಾನೂ ನಿಲ್ಲಲಿಲ್ಲಂತ," ಎಂದಳು ಗೌರಾಬಾಯಿ. ಆಮೇಲೆ ದನಿ ತಗ್ಗಿಸಿ, "ನಾನೂ ಇಲ್ಲಿ ಬಾಗಲಾ ಕಾಯ್ದೆರಿ. ಕೂಸಿನ್ನ ಎತ್ತಿಕೊಂಡು ಎರಡು ತಾಸು ಹೊರಗ ಅಡ್ಡಾಡಿದೆ. ಒಂದ ಸಲಾ ಹಾಲು ಕುಡಿಸಾಕ ಒಳಗ ಕೊಟ್ಟೆ, ಇಸಗೊಂಡು ಬಂದೆ. ಮನಿ ಮಂದಿ ಒಬ್ಬರನ್ನೂ ಒಳಗ ಬಿಡಲಿಲ್ಲ," ಎಂದಳು.

ಎರಡು ತಾಸು ತಾನೊಬ್ಬಳೇ ಕಾದೆ ಅಂದುಕೊಂಡಿದ್ದಳು ಖಾಸೀಂಬಿ. "ಛಲೋ ಮಾಡಿದ್ರಿ ಅಕ್ಕಾ," ಎಂದಳು.

ಸಂಜೆ ಚಾಂದಪಾಶಾ ಬಂದು ನಡುಮನೆಯಲ್ಲಿ ಟಿವಿ ಕಾಣದೆ ಗಾಬರಿಯಾದ. ವಿಷಯ ಕೇಳಿ ನೇರ ಚಹಾದಂಗಡಿಗೆ ಹೋದ. ಅಲ್ಲಿ ಅವನು ಹೇಳಿದ ಕಥೆಯಲ್ಲಿ ಹೆಂಡತಿ ಒತ್ತಿದ ಪದಗಳು ಎರಡಲ್ಲ, ಇನ್ನೂರು. ಮರುದಿನ ಅದು ಸಾವಿರವಾಗಿ ಮನೆಗೆ ವಾಪಸು ಬಂತು. ಖಾಸೀಂಬಿ ತಿದ್ದಲು ಹೋಗಲಿಲ್ಲ. ಮೂವತ್ತು ವರ್ಷ ಗಲ್ಲಿಯ ಮಕ್ಕಳನ್ನು ಓದಿಸಿದ್ದಕ್ಕೆ ಯಾರೂ ಅಷ್ಟು ದೊಡ್ಡ ಸುಳ್ಳು ಹೇಳಿ ಹೊಗಳಿರಲಿಲ್ಲ, ಹೊಗಳಿಕೆ ಮೈಗೆ ಹಿತವಾಗಿತ್ತು.

ಹನ್ನೆರಡು ದಿನಕ್ಕೆ ಫಲಿತಾಂಶ ಬಂತು. ಸೀಮಾ ಆಯ್ಕೆಯಾಗಿದ್ದಳು. ಆ ದಿನ ಫೋನಿನಲ್ಲಿ ಸೀಮಾ ನಕ್ಕು ಅತ್ತು ಮುಗಿಸಿದ ಮೇಲೆ ಗೌರಾಬಾಯಿ ಫೋನು ಇಸಿದುಕೊಂಡಳು.

"ನೀವು ಆಡಿದ ಮಾತು ಉಳೀತ್ರಿ. ಇನ್ನ ನಾನೂ ನನ್ನ ಮಾತು ನಡಸ್ತೇನಿ. ಕೂಸಿನ್ನ ನಾ ನೋಡ್ತೇನಿ, ಆಕಿ ನೌಕರಿ ಮಾಡಲಿ." ಮತ್ತೆ ತಾನೇ ಕೇಳಿದಳು, "ಆದ್ರ ಒಂದು ಕೇಳ್ತೇನ್ರಿ. ಪರೀಕ್ಷಾ ಒಂದ ದಿನದ್ದು, ನೌಕರಿ ದಿನಾ ಇರೋದು. ನಡುವ ಮಷೀನಿಗೆ ಏನರೆ ಆತು, ನಿಮ್ಮ ಮಗಳು ಊರಾಗಿಲ್ಲ ಅಂತ ತಿಳೀರಿ. ಯಾರಿಗೆ ಫೋನ್ ಹಚ್ಚಬೇಕು?"

ಕೈನಾತ ಅಲ್ಲೇ ಇದ್ದಳು. ತನ್ನ ಜೇವರ್ಗಿಯ ಕ್ಲಾಸಿನ ನಂಬರು ಹೇಳಲು ಬಾಯಿ ತೆರೆದಿದ್ದಳು. ಖಾಸೀಂಬಿ ಕೈಯೆತ್ತಿ ಅವಳನ್ನು ತಡೆದಳು.

"ಪೆನ್ ತಗೊಳ್ಳಾಕ ಹೇಳ್ರಿ ಸೀಮಾಗ," ಎಂದಳು. ಆಮೇಲೆ ತನ್ನ ಗುಂಡಿ ಫೋನಿನ ಹತ್ತು ಅಂಕಿಗಳನ್ನು, ಆ ಕಡೆ ಬರೆದುಕೊಳ್ಳುವಷ್ಟು ನಿಧಾನವಾಗಿ, ಒಂದೊಂದಾಗಿ ಹೇಳಿದಳು.